ಕಡೆಯವನಿಗೆ ಮೊದಲ ಸರದಿ

ಮೊನ್ನೆ ಭಾನುವಾರ ಮೆಲ್ಬರ್ನ್‌ನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವಳು, ಈಗ ಹದಿನಾರು ವರ್ಷದ ಮಗನ ತಾಯಿ. ಊರಿನ ಮಳೆ, ಮನೆಯವರ ಆರೋಗ್ಯ ಎಲ್ಲ ವಿಚಾರಿಸಿ ಆದ ಮೇಲೆ ವಿಷಯಕ್ಕೆ ಬಂದಳು. "ಸಾರ್, ನಮ್ಮ ಹುಡುಗನಿಗೆ ಇಲ್ಲಿಯ ಫುಟ್‌ಬಾಲ್ ಹುಚ್ಚು ಹತ್ತಿದೆ. ಚೆನ್ನಾಗಿಯೇ ಆಡ್ತಾನೆ ಅಂತ ಕೋಚ್ ಹೇಳ್ತಾರೆ. ಆದರೆ ಮುಂದೆ ದೊಡ್ಡ ಲೀಗಿಗೆ ಹೋದರೆ ಯಾವ ಊರಿನ ಕ್ಲಬ್ಬು ಕರೆಯುತ್ತೋ ಆ ಊರಿಗೇ ಹೋಗಬೇಕಂತೆ. ನಮ್ಮ ಮನೆ ಇಲ್ಲಿ, ಮಗ ಪರ್ತ್‌ನಲ್ಲಿ. ಹದಿನೆಂಟು ವರ್ಷದ ಮಗುವಿಗೆ ಊರು ಆರಿಸೋ ಹಕ್ಕೂ ಇಲ್ಲ ಅಂದರೆ ಇದು ಯಾವ ನ್ಯಾಯ ಸಾರ್?"

"ಕ್ರಿಕೆಟ್ ಆಗಿದ್ದರೆ ಈಗಲೇ ಏನಾದರೂ ಹೇಳುತ್ತಿದ್ದೆನಮ್ಮ, ಇದಕ್ಕೆ ಒಂದು ವಾರ ಸಮಯ ಕೊಡು" ಎಂದೆ. ಆ ವಾರ ಓದಿದ್ದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಇದು ನಾವು ಆಡುವ ಕಾಲ್ಚೆಂಡಾಟವಲ್ಲ. ಕ್ರಿಕೆಟ್ ಮೈದಾನದಷ್ಟು ವಿಶಾಲವಾದ ಅಂಡಾಕಾರದ ಅಂಗಳ, ಒಂದೊಂದು ಕಡೆಗೆ 18 ಜನ, ಚೆಂಡೂ ಮೊಟ್ಟೆಯ ಆಕಾರದ್ದೇ. ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕಳಿಸಬಹುದು, ಎಸೆಯುವಂತಿಲ್ಲ. ಎರಡು ಎತ್ತರದ ಕಂಬಗಳ ನಡುವೆ ಒದ್ದರೆ 6 ಅಂಕ, ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ 1. ನಮ್ಮವರು ಡಿಸೆಂಬರ್‌ನಲ್ಲಿ ಟೆಸ್ಟ್ ಆಡುವ ಮೆಲ್ಬರ್ನ್ ಕ್ರಿಕೆಟ್ ಮೈದಾನವಿದೆಯಲ್ಲ, ಅಲ್ಲಿಯೇ ಇದರ ಫೈನಲ್‌ಗೆ ಲಕ್ಷದಷ್ಟು ಜನ ಸೇರುತ್ತಾರೆ. 1897ರಲ್ಲಿ ವಿಕ್ಟೋರಿಯಾ ರಾಜ್ಯದ ಲೀಗ್ ಆಗಿ ಶುರುವಾದದ್ದು 1990ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರು ಪಡೆಯಿತು. ಈಗಿನ 18 ಕ್ಲಬ್ಬುಗಳಲ್ಲಿ 10 ವಿಕ್ಟೋರಿಯಾದವು. ಅಂದರೆ ಮೆಲ್ಬರ್ನ್‌ನ ಹುಡುಗ ಮನೆ ಬಿಡಬೇಕಾದ ಸಂಭವ ಹೆಚ್ಚುಕಡಿಮೆ ಅರ್ಧಕ್ಕರ್ಧ.

ಮನೆ ಬಿಡಿಸುವ ಈ ಏರ್ಪಾಡಿಗೆ ಡ್ರಾಫ್ಟ್ ಎಂದು ಹೆಸರು. ಬ್ಯಾಂಕಿನ ಡ್ರಾಫ್ಟ್ ಅಲ್ಲ, ಕರಡು ಪ್ರತಿಯೂ ಅಲ್ಲ. ಹೊಸ ಆಟಗಾರರನ್ನು ಕ್ಲಬ್ಬುಗಳು ಒಂದಾದ ಮೇಲೊಂದರಂತೆ ಸರದಿಯಲ್ಲಿ ಆರಿಸಿಕೊಳ್ಳುವ ಕ್ರಮ. ಆ ವರ್ಷದ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತ ಕ್ಲಬ್ಬಿಗೆ ಮೊದಲ ಸರದಿ, ಗೆದ್ದು ಬೀಗಿದವರಿಗೆ ಕೊನೆಯ ಸರದಿ. ನಮ್ಮ ಸಿ.ಇ.ಟಿ. ಕೌನ್ಸೆಲಿಂಗ್‌ನಲ್ಲಿ ಹುಡುಗ ಕಾಲೇಜನ್ನು ಆರಿಸುತ್ತಾನೆ. ಅಲ್ಲಿ ಕಾಲೇಜು ಹುಡುಗನನ್ನು ಆರಿಸುತ್ತದೆ, ಅದೂ ಫಲಿತಾಂಶ ಕೆಟ್ಟ ಕಾಲೇಜು ಎಲ್ಲರಿಗಿಂತ ಮೊದಲು!

ಇದು ನಮಗೂ ತೀರಾ ಅಪರಿಚಿತವಲ್ಲ. 2008ರಲ್ಲಿ ಐಪಿಎಲ್ ಶುರುವಾದಾಗ ದೊಡ್ಡ ಆಟಗಾರರಿಗೆ ಹರಾಜು ನಡೆಯಿತು, 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರಿಗೆ ಮಾತ್ರ ಡ್ರಾಫ್ಟ್. ದೆಹಲಿ ತಂಡ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ದೆಹಲಿಯವರೇ ಆದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಿಗೆ ಬಂದರು. ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆಸ್ಟ್ರೇಲಿಯದಲ್ಲಿ ಡ್ರಾಫ್ಟ್ ಬರುವ ಮೊದಲು ಇದ್ದದ್ದು ಇನ್ನೂ ಬಿಗಿಯಾದ ಕಟ್ಟುಪಾಡು. ನಾಡನ್ನೇ ವಲಯಗಳಾಗಿ ಹಂಚಿದ್ದರು. ಈ ಬಡಾವಣೆಯಲ್ಲಿ ಹುಟ್ಟಿದವನು ಈ ಕ್ಲಬ್ಬಿಗೆ, ಆ ಹಳ್ಳಿಯವನು ಆ ಕ್ಲಬ್ಬಿಗೆ. ಬೇರೆಡೆಗೆ ಹೋಗಬೇಕಾದರೆ ಹಳೆಯ ಕ್ಲಬ್ಬು ಬಿಡುಗಡೆ ಪತ್ರ ಕೊಡಬೇಕು. ನಮ್ಮ ಶಾಲೆಗಳ ಟಿ.ಸಿ. ಇದ್ದಂತೆ, ಆದರೆ ಟಿ.ಸಿ. ಕೊಡುವುದಿಲ್ಲವೆಂದು ಶಾಲೆ ಹಟ ಹಿಡಿಯಬಹುದಿತ್ತು. 1982ರಲ್ಲಿ ಸೌತ್ ಮೆಲ್ಬರ್ನ್ ಕ್ಲಬ್ಬು ಗಂಟುಮೂಟೆ ಕಟ್ಟಿಕೊಂಡು ಸಿಡ್ನಿಗೆ ಹೋಯಿತು. ಸಿಲ್ವಿಯೋ ಫೋಸ್ಕಿನಿ ಎಂಬ ಎಳೆಯ ಆಟಗಾರನಿಗೆ ಸಿಡ್ನಿ ಬೇಕಿರಲಿಲ್ಲ. ಮೆಲ್ಬರ್ನ್‌ನಲ್ಲೇ ಇದ್ದು ಸೇಂಟ್ ಕಿಲ್ಡಾ ಪರ ಆಡುತ್ತೇನೆ ಎಂದ, ಬಿಡುಗಡೆ ಸಿಗಲಿಲ್ಲ. ಹುಡುಗ ನ್ಯಾಯಾಲಯಕ್ಕೆ ಹೋದ. 1983ರಲ್ಲಿ ವಿಕ್ಟೋರಿಯಾದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕ್ರಾಕೆಟ್, ಲೀಗಿನ ಈ ನಿಯಮಗಳು ಒಬ್ಬನ ದುಡಿಮೆಯ ಸ್ವಾತಂತ್ರ್ಯಕ್ಕೆ ಸಲ್ಲದ ಅಡ್ಡಿ ಎಂದು ತೀರ್ಪಿತ್ತರು. ಫೋಸ್ಕಿನಿ ಸೇಂಟ್ ಕಿಲ್ಡಾ ಸೇರಿದ.

ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ನಲವತ್ತು ವರ್ಷಗಳ ಹಿಂದೆಯೇ ಒಬ್ಬ ಹುಡುಗ ಕೇಳಿ ಗೆದ್ದಿದ್ದ ಎಂದಾಯಿತು. ಹಾಗಿದ್ದರೆ ಮೂರೇ ವರ್ಷಕ್ಕೆ, 1986ರಲ್ಲಿ, ಡ್ರಾಫ್ಟ್ ಹೇಗೆ ಬಂತು?

ಅಂಕೆಯಿಲ್ಲದ ಪೇಟೆಯ ಸ್ವಭಾವ ನೋಡಿ. ಹಣವಿರುವ ಕ್ಲಬ್ಬು ಒಳ್ಳೆಯ ಆಟಗಾರರನ್ನು ಕೊಳ್ಳುತ್ತದೆ, ಗೆಲ್ಲುತ್ತದೆ, ಗೆದ್ದಲ್ಲಿಗೆ ಜನ ಬರುತ್ತಾರೆ, ಜನ ಬಂದಲ್ಲಿಗೆ ಹಣ. ಸೋತವನು ಮತ್ತೂ ಸೋಲುತ್ತಾನೆ. ಕೆಲವು ಕ್ಲಬ್ಬುಗಳು ಆಗ ದಿವಾಳಿಯ ಅಂಚಿಗೆ ಬಂದಿದ್ದವು. ಫ್ರಿಜ್ಜಿನಲ್ಲಿ ಥರ್ಮೋಸ್ಟಾಟ್ ಇರುತ್ತದಲ್ಲ, ಬಿಸಿ ಏರಿದರೆ ಯಂತ್ರ ಓಡಿಸುತ್ತದೆ, ಸಾಕಷ್ಟು ತಣ್ಣಗಾದರೆ ನಿಲ್ಲಿಸುತ್ತದೆ. ಲೀಗಿಗೆ ಅಂಥದ್ದೊಂದು ಬೇಕಾಗಿತ್ತು. ಒಂದು ಕಡೆ ಕ್ಲಬ್ಬಿನ ಒಟ್ಟು ಸಂಬಳಕ್ಕೆ ಮಿತಿ, ಇನ್ನೊಂದು ಕಡೆ ಡ್ರಾಫ್ಟ್. ಮಿತಿಯನ್ನು ಕದ್ದು ಮೀರಿದರೆ ಶಿಕ್ಷೆ ಸಣ್ಣದಲ್ಲ. 2002ರಲ್ಲಿ ಸಿಕ್ಕಿಬಿದ್ದ ಕಾರ್ಲ್ಟನ್ ಎಂಬ ಹಳೆಯ, ಶ್ರೀಮಂತ ಕ್ಲಬ್ಬು 9,30,000 ಡಾಲರ್ ದಂಡದ ಜೊತೆಗೆ ಡ್ರಾಫ್ಟ್‌ನ ಒಳ್ಳೆಯ ಸರದಿಗಳನ್ನೂ ಕಳೆದುಕೊಂಡಿತು. ದಂಡ ಒಂದು ವರ್ಷದ ನೋವು, ಸರದಿ ಹೋದರೆ ಹತ್ತು ವರ್ಷದ್ದು.

ಥರ್ಮೋಸ್ಟಾಟನ್ನೂ ಮೋಸಗೊಳಿಸಬಹುದು. ಕಡೆಯವನಿಗೆ ಬಹುಮಾನ ಎಂದ ಮೇಲೆ ಕಡೆಯವನಾಗಲು ಪೈಪೋಟಿ ಹುಟ್ಟದೆ ಇರುತ್ತದೆಯೆ? ಒಂದು ಕಾಲಕ್ಕೆ, ಸತತ ಎರಡು ವರ್ಷ ಐದಕ್ಕಿಂತ ಕಡಿಮೆ ಪಂದ್ಯ ಗೆದ್ದ ಕ್ಲಬ್ಬಿಗೆ ವಿಶೇಷ ಸರದಿಯೊಂದು ಸಿಗುತ್ತಿತ್ತು. ಮೆಲ್ಬರ್ನ್ ಕ್ಲಬ್ಬು 2008ರಲ್ಲಿ ಮೂರು, 2009ರಲ್ಲಿ ನಾಲ್ಕು ಗೆದ್ದು 1 ಮತ್ತು 2ನೆಯ ಸರದಿಗಳೆರಡನ್ನೂ ಪಡೆಯಿತು. ಬೇಕೆಂದೇ ಸೋತರೇ ಎಂದು ತನಿಖೆಯಾಯಿತು. ಹಾಗೆ ಸೋತದ್ದು ಸಾಬೀತಾಗಲಿಲ್ಲ. ಆದರೂ 2013ರಲ್ಲಿ 5 ಲಕ್ಷ ಡಾಲರ್ ದಂಡ ಬಿತ್ತು, ಇಬ್ಬರು ಹೊಣೆಗಾರರ ಅಮಾನತೂ ಆಯಿತು. ಆ ತಾನಾಗಿಯೇ ಸಿಗುವ ವಿಶೇಷ ಸರದಿಯನ್ನು ಲೀಗ್ ಆಗಲೇ ತೆಗೆದುಹಾಕಿತ್ತು. ಅಷ್ಟಕ್ಕೂ ಆ ಮೊದಲ ಸರದಿಯಲ್ಲಿ ಸಿಕ್ಕ ಟಾಮ್ ಸ್ಕಲ್ಲಿ ಎರಡೇ ವರ್ಷ ಇದ್ದು, ಹೊಸದಾಗಿ ಹುಟ್ಟಿದ ಗ್ರೇಟರ್ ವೆಸ್ಟರ್ನ್ ಸಿಡ್ನಿ ಕ್ಲಬ್ಬಿಗೆ ಹೊರಟುಹೋದ.

ತಂದೆ ಆಡಿದ ಕ್ಲಬ್ಬಿಗೇ ಮಗ ಸೇರಬಹುದೆಂಬ ನಿಯಮವೊಂದಿದೆ, 1949ರಷ್ಟು ಹಳೆಯದು. ಮೆಲ್ಬರ್ನ್ ಪರ ಆಡುತ್ತಿದ್ದ ರಾನ್ ಬರಾಸಿ 1941ರಲ್ಲಿ ಟೊಬ್ರುಕ್ ಯುದ್ಧಭೂಮಿಯಲ್ಲಿ ಮಡಿದರು. ಅದೇ ಹೆಸರಿನ ಮಗ ಈ ನಿಯಮದ ನೆರವಿನಿಂದ ತಂದೆಯ ಕ್ಲಬ್ಬನ್ನೇ ಸೇರಿ ದಂತಕಥೆಯಾದ. (ಆದರೆ 1964ರ ಕೊನೆಗೆ ಅದೇ ಮಗ ಕಾರ್ಲ್ಟನ್‌ಗೆ ಹೋಗಿಬಿಟ್ಟಾಗ ಮೆಲ್ಬರ್ನ್ ಅಭಿಮಾನಿಗಳಿಗೆ ನಂಬಲಾಗಲಿಲ್ಲ. ನಿಯಮ ಕರೆತರಬಹುದು, ಉಳಿಸಿಕೊಳ್ಳಲಾರದು.) ಈಗ ತಂದೆ ಆ ಕ್ಲಬ್ಬಿಗೆ 100 ಪಂದ್ಯವಾದರೂ ಆಡಿರಬೇಕು, ಮಗನಿಗೆ ತಕ್ಕ ಬೆಲೆಯನ್ನೂ ತೆರಬೇಕು. ಬೆಲೆ ಹಣದಲ್ಲಲ್ಲ, ಅಂಕದಲ್ಲಿ. ಲೆಕ್ಕ ಇಷ್ಟಪಡುವ ಮಕ್ಕಳಿಗಾಗಿ ಹೇಳುತ್ತೇನೆ. 2015ರಲ್ಲಿ ಒಂದೊಂದು ಸರದಿಗೂ ಅಂಕ ಕಟ್ಟಿದರು: ಮೊದಲನೆಯದಕ್ಕೆ 3000, ಎರಡನೆಯದಕ್ಕೆ 2517, ನಾಲ್ಕನೆಯದಕ್ಕೆ 2034. 2021ರಲ್ಲಿ ನಿಕ್ ಡೈಕೋಸ್ ಎಂಬ ಹುಡುಗನನ್ನು ಬೇರೆ ಕ್ಲಬ್ಬೊಂದು ನಾಲ್ಕನೆಯ ಸರದಿಯಲ್ಲಿ ಕೇಳಿತು. ಅಪ್ಪ ಆಡಿದ್ದ ಕಾಲಿಂಗ್‌ವುಡ್‌ಗೆ ಶೇಕಡಾ 20 ರಿಯಾಯಿತಿ, ಅಂದರೆ ಸುಮಾರು 1627 ಅಂಕ ತೆತ್ತರೆ ಸಾಕು. ಪಟ್ಟಿಯಲ್ಲಿ 38, 40, 42, 44ನೆಯ ಸರದಿಗಳ ಅಂಕಗಳನ್ನು ಕೂಡಿಸಿ: 465, 429, 395, 362. ಒಟ್ಟು 1651! ಯಾರಿಗೂ ಬೇಡದ ನಾಲ್ಕು ಚಿಲ್ಲರೆ ಸರದಿಗಳಿಗೆ ಒಬ್ಬ ರತ್ನ ಬರಬಹುದಾದ ಲೆಕ್ಕ. ಕಾಲಿಂಗ್‌ವುಡ್ ಅಂಥ ಚಿಲ್ಲರೆ ಕೊಟ್ಟೇ ಆತನನ್ನು ಪಡೆಯಿತು. ಉಳಿದವರು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ. 2025ರಿಂದ ರಿಯಾಯಿತಿ ಶೇಕಡಾ 10ಕ್ಕೆ ಇಳಿದಿದೆ, ಅಂಕಪಟ್ಟಿಯೂ ಬದಲಾಗಿದೆ.

ನನ್ನ ವಿದ್ಯಾರ್ಥಿನಿಯ ಮಗನಿಗೆ ಈ ಬಾಗಿಲು ಮುಚ್ಚಿದೆ. ಅವನ ಅಪ್ಪ ಎಂಜಿನಿಯರ್.

ಡ್ರಾಫ್ಟ್ ಆದ ಹುಡುಗನಿಗೆ ಕನಿಷ್ಠ ಎರಡು ವರ್ಷದ ಒಪ್ಪಂದವಿರುತ್ತದೆ. ಅದು ಮುಗಿದ ಕೂಡಲೇ ಬೇಕಾದಲ್ಲಿಗೆ ಹೋಗಬಹುದೆಂದು ತಿಳಿಯಬೇಡಿ. ಎರಡು ಕ್ಲಬ್ಬುಗಳು ವಿನಿಮಯಕ್ಕೆ ಒಪ್ಪಬೇಕು. ಒಪ್ಪದಿದ್ದರೆ ಮತ್ತೆ ಡ್ರಾಫ್ಟ್‌ಗೇ ಇಳಿಯಬೇಕು. ಆಗಲೂ ಯಾರು ಬೇಕಾದರೂ ಎತ್ತಿಕೊಳ್ಳಬಹುದು. 2009ರಲ್ಲಿ ಸೇಂಟ್ ಕಿಲ್ಡಾದ ಲ್ಯೂಕ್ ಬಾಲ್ ಈ ಸಾಹಸ ಮಾಡಿದರು. ತನಗೆ ಕಾಲಿಂಗ್‌ವುಡ್ ಬೇಕೆಂದು ಎಲ್ಲರಿಗೂ ತಿಳಿಯುವಂತೆ ಮಾಡಿ ಡ್ರಾಫ್ಟ್‌ಗೆ ಇಳಿದರು. 30ನೆಯ ಸರದಿಯವರೆಗೆ ಯಾರೂ ಮುಟ್ಟಲಿಲ್ಲ, ಕಾಲಿಂಗ್‌ವುಡ್‌ಗೇ ಸಿಕ್ಕರು. ಮರುವರ್ಷ ಫೈನಲ್‌ನಲ್ಲಿ ಎದುರಾದದ್ದು ಇವೇ ಎರಡು ಕ್ಲಬ್ಬುಗಳು! ಪಂದ್ಯ ಸಮವಾಗಿ, ಮುಂದಿನ ವಾರ ಮತ್ತೆ ಆಡಿ, ಕಾಲಿಂಗ್‌ವುಡ್ ಗೆದ್ದಿತು.

ನಿಜವಾದ ಬಿಡುಗಡೆ ಬಂದದ್ದು 2012ರಲ್ಲಿ. ಒಂದೇ ಕ್ಲಬ್ಬಿನಲ್ಲಿ ಎಂಟು ವರ್ಷ ದುಡಿದವನು ಒಪ್ಪಂದ ಮುಗಿದಾಗ ವಿನಿಮಯವಿಲ್ಲದೆ ಹೋಗಬಹುದು. ಕ್ಲಬ್ಬಿನ ಅತಿ ಹೆಚ್ಚು ಸಂಬಳದ ನಾಲ್ಕನೆಯ ಒಂದು ಭಾಗದಲ್ಲಿದ್ದರೆ ಮಾತ್ರ, ಹೊರಗಿನವರು ಕೊಡುವಷ್ಟನ್ನೇ ತಾನೂ ಕೊಟ್ಟು ತಡೆಯುವ ಹಕ್ಕು ಹಳೆಯ ಕ್ಲಬ್ಬಿಗಿದೆ. 2013ರಲ್ಲಿ ಸಿಡ್ನಿ ಕ್ಲಬ್ಬು ಲ್ಯಾನ್ಸ್ ಫ್ರಾಂಕ್ಲಿನ್‌ಗೆ ಒಂಬತ್ತು ವರ್ಷಕ್ಕೆ ಸುಮಾರು ಒಂದು ಕೋಟಿ ಡಾಲರ್ ಎಂದಾಗ ಹಾಥಾರ್ನ್ ಆ ಹಕ್ಕನ್ನು ಚಲಾಯಿಸಲಿಲ್ಲ. ಫ್ರಾಂಕ್ಲಿನ್ ಆ ಒಂಬತ್ತು ವರ್ಷವನ್ನೂ ಪೂರೈಸಿ, 2022ರಲ್ಲಿ ತನ್ನ ಸಾವಿರದ ಗೋಲನ್ನು ಸಿಡ್ನಿಯಲ್ಲೇ ಹೊಡೆದರು. ಹದಿನೆಂಟಕ್ಕೆ ಸೇರಿದವನಿಗೆ ಎಂಟು ವರ್ಷವೆಂದರೆ ಇಪ್ಪತ್ತಾರು. ಅಷ್ಟು ಹೊತ್ತಿಗೆ ಮೊಣಕಾಲು ಕೈಕೊಟ್ಟು ಮನೆಗೆ ಮರಳಿದವರೇ ಬಹಳ.

ಫೋಸ್ಕಿನಿಯ ತೀರ್ಪಿನ ಹಾದಿಯಲ್ಲಿ ಡ್ರಾಫ್ಟೂ ಬೀಳಬೇಕಿತ್ತಲ್ಲವೆ? ಸಿಡ್ನಿಯ ರಗ್ಬಿ ಲೀಗಿನಲ್ಲಿ ಬಿದ್ದೇಬಿಟ್ಟಿತು. ಒಪ್ಪಂದ ಮುಗಿದ ಆಟಗಾರರಿಗಾಗಿ ಅಲ್ಲಿ ತಂದ ಡ್ರಾಫ್ಟನ್ನು 1991ರಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣಪೀಠ ಅಸಿಂಧುವೆಂದಿತು. ಫುಟ್‌ಬಾಲ್ ಲೀಗಿನಲ್ಲಿ ಉಳಿದಿದೆ; ಅಲ್ಲಿ ಆಟಗಾರರ ಸಂಘವೇ ಲೀಗಿನ ಜೊತೆ ಕುಳಿತು ಸಂಬಳ, ಪಾಲು, ಬಿಡುಗಡೆಗಳ ಚೌಕಾಸಿ ಮಾಡುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆದಿದ್ದಾರೆ. ಇದು ನನಗೆ ಒಪ್ಪಿಗೆಯಾಗುವ ಮಾತು. ಒಪ್ಪಿಗೆಯಾಗದ್ದು ಒಂದಿದೆ: ಸಂಘದಲ್ಲಿ ಕುಳಿತವರು ಆಗಲೇ ಒಳಗಿರುವವರು, ಊರು ಬಿಡಬೇಕಾದವನು ಇನ್ನೂ ಹೊರಗಿದ್ದಾನೆ.

ಊರು ಬಿಟ್ಟವರ ಸಂಕಟ ಕ್ಲಬ್ಬುಗಳಿಗೂ ಗೊತ್ತು. 2013ರಲ್ಲಿ ಬ್ರಿಸ್ಬೇನ್ ಕ್ಲಬ್ಬಿನಿಂದ ಐವರು ಎಳೆಯರು ಒಟ್ಟಿಗೆ ಹೊರಟುಹೋದರು. ಅದೇ ವರ್ಷ ಮೊದಲ ಸರದಿಯಲ್ಲಿ ಆಯ್ಕೆಯಾದ ಮೆಲ್ಬರ್ನ್ ಹುಡುಗ ಟಾಮ್ ಬಾಯ್ಡ್ ಸಿಡ್ನಿಗೆ ಹೋಗಿ, ಒಂದೇ ವರ್ಷಕ್ಕೆ ಹಿಂದಿರುಗಿದ. ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ಬು ತನ್ನ ನಾಯಕನನ್ನೂ ಒಂದು ಒಳ್ಳೆಯ ಸರದಿಯನ್ನೂ ಬಿಟ್ಟುಕೊಟ್ಟು ಆತನನ್ನು ಕರೆತಂದಿತು. ಏಳು ವರ್ಷ, ಸುಮಾರು 70 ಲಕ್ಷ ಡಾಲರ್, ಹುಡುಗನಿಗಿನ್ನೂ ಹತ್ತೊಂಬತ್ತು. 2016ರ ಫೈನಲ್‌ನಲ್ಲಿ ಮೂರು ಗೋಲು ಹೊಡೆದು, 1954ರಿಂದ ಕಪ್ಪು ಕಾಣದಿದ್ದ ಕ್ಲಬ್ಬನ್ನು ಗೆಲ್ಲಿಸುವಲ್ಲಿ ಮುಂದಿದ್ದ. ಎಲ್ಲರೂ ಬಯಸುವುದೆಲ್ಲ ಸಿಕ್ಕಿತ್ತು: ಊರು, ಹಣ, ಗೆಲುವು. 2019ರ ಮೇ ತಿಂಗಳಲ್ಲಿ, ಒಪ್ಪಂದ ಇನ್ನೂ ಉಳಿದಿರುವಾಗಲೇ, ಆಡುವ ಮನಸ್ಸೇ ಉಳಿದಿಲ್ಲವೆಂದು ನಿವೃತ್ತನಾದ. ವಯಸ್ಸು 23. ಮನಸ್ಸಿನ ಆರೋಗ್ಯದ ತೊಂದರೆಯನ್ನು ಆತ ಮುಚ್ಚಿಡಲಿಲ್ಲ. ಬರಬೇಕಿದ್ದ ಲಕ್ಷಾಂತರ ಡಾಲರ್ ಬಿಟ್ಟುಕೊಟ್ಟು ನಡೆದ.

ವಾರ ಕಳೆದ ಮೇಲೆ ನಾನೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಡ್ರಾಫ್ಟ್‌ಗೆ ಹೆಸರು ಕೊಡುವುದು ಹುಡುಗನೇ. ಕೊಡದವನನ್ನು ಯಾರೂ ಎಳೆದೊಯ್ಯುವುದಿಲ್ಲ ಎಂಬುದನ್ನೂ ಹೇಳಿದೆ. ಹೆಸರು ಕೊಡಲು ಆ ವರ್ಷದ ಡಿಸೆಂಬರ್ 31ರೊಳಗೆ ಹದಿನೆಂಟು ತುಂಬಬೇಕು. ಡ್ರಾಫ್ಟ್ ನಡೆಯುವುದು ಸಾಮಾನ್ಯವಾಗಿ ನವೆಂಬರ್‌ನಲ್ಲಿ. ವಿಕ್ಟೋರಿಯಾದ ಹನ್ನೆರಡನೆಯ ತರಗತಿಯ ಪರೀಕ್ಷೆಯೂ ಅದೇ ನವೆಂಬರ್, ಫಲಿತಾಂಶ ಡಿಸೆಂಬರ್‌ನಲ್ಲಿ.

"ಅಂದರೆ ಮಾರ್ಕ್ಸ್ ಬರೋಕೆ ಮುಂಚೆಯೇ ಪರ್ತ್‌ಗೆ ಹೋಗಿರ್ತಾನಾ ಸಾರ್?" ಎಂದಳು.

"ಹೋದರೂ ಹೋಗಿರಬಹುದಮ್ಮ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಫೋನನ್ನು ಮಗನ ಕೈಗೆ ಕೊಟ್ಟಳು. ಅವನಿಗೆ ನನ್ನಿಂದ ತಿಳಿಯಬೇಕಾಗಿದ್ದದ್ದು ಒಂದೇ: ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಿದ್ದಾಗ ಯಾವ ಕಡೆ ಪುಟಿಯುತ್ತದೆಂದು ಮೊದಲೇ ಹೇಳಲು ಸಾಧ್ಯವೆ?