ಊಟದ ತೆರಿಗೆ ಮತ್ತು ಜಯಂತಿಯ ಮೆರವಣಿಗೆ

ಬಸವೇಶ್ವರನಗರದ ಹೋಟೆಲೊಂದರಲ್ಲಿ 100 ರೂಪಾಯಿಯ ತಿಂಡಿಗೆ ಶೇ. 5 ಜಿಎಸ್‌ಟಿ ಸೇರಿದರೆ ಬಿಲ್ಲು 105 ರೂಪಾಯಿ. ಆ ಐದರಲ್ಲಿ ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. 2017ರ ನವೆಂಬರ್‌ನಿಂದ ಬಹುತೇಕ ಹೋಟೆಲುಗಳಿಗೆ ಇದೇ ದರ. ಕೂಲಿಕಾರನೂ ಶ್ರೀಮಂತನೂ ಸಮನಾಗಿ ತೆರುವ ತೆರಿಗೆಯಿದು. ಹೀಗೆ ಬೊಕ್ಕಸ ಸೇರಿದ ಹಣದಿಂದಲೇ ಸರಕಾರವು ಮಹಾಪುರುಷರ ಜಯಂತಿಗಳನ್ನೂ ಆಚರಿಸುತ್ತದೆ.

ಸ್ಮರಣೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಬೊಕ್ಕಸದ ಬಲದಿಂದ ನಿಂತ ಸ್ಮರಣೆಯ ಆಯುಷ್ಯವೆಷ್ಟು? 2015ರಲ್ಲಿ ಒಂದು ಸರಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು. ಆ ವರ್ಷವೇ ಮಡಿಕೇರಿಯಲ್ಲಿ ಜೀವಹಾನಿಯಾಯಿತು. 2019ರಲ್ಲಿ ಇನ್ನೊಂದು ಸರಕಾರ ಒಂದೇ ಆದೇಶದಿಂದ ಅದನ್ನು ರದ್ದುಪಡಿಸಿತು. ಇದರಿಂದ ಟಿಪ್ಪುವಿನ ಚರಿತ್ರೆ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಸಮುದಾಯಗಳು ಮಾತ್ರ ಆಳುವವರ ಮರ್ಜಿಗೆ ಕಾಯುವ ಅರ್ಜಿದಾರರಾದವು. ನಾವೂ ಅದಕ್ಕೆ ಹೊರತಾಗಿರಲಿಲ್ಲ.

ಈ ಬಡಾವಣೆಗೆ ಹೆಸರಾದ ಬಸವಣ್ಣನವರನ್ನು 2024ರಲ್ಲಿ ರಾಜ್ಯ ಸರಕಾರ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಕಾಯಕದಿಂದ ಗಳಿಸಿ ದಾಸೋಹಕ್ಕೆ ನೀಡುವುದು ಶರಣರು ತೋರಿದ ದಾರಿ. ಅಲ್ಲಿ ಕೊಡುವವನ ಮನಃಪೂರ್ವಕ ಸಮ್ಮತಿಯಿದೆ, ತೆರಿಗೆಯಲ್ಲಿ ಅದಿಲ್ಲ.

ಆದ್ದರಿಂದ ನಾವು ಕೇಳುವುದಿಷ್ಟೇ: ಸ್ಮರಿಸುವವರು ತಮ್ಮ ದುಡಿಮೆಯಿಂದ ಸ್ಮರಿಸಲಿ. ಅನ್ನದ ಮೇಲಿನ ತೆರಿಗೆ ಹಸಿದವರ ಅನ್ನಕ್ಕೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ತಾಯಿಯ ಮಗುವಿನ ಶಾಲೆಗೆ ಸಲ್ಲಲಿ. ಈ ನಿಯಮ ಎಲ್ಲ ಜಯಂತಿಗಳಿಗೂ ಅನ್ವಯವಾಗಬೇಕು, ನಮಗೆ ಪ್ರಿಯವಾದುದಕ್ಕೂ. ತನಗೆ ಮಾತ್ರ ವಿನಾಯಿತಿ ಬೇಡುವವನು ಇತರರಿಂದ ನ್ಯಾಯ ಕೇಳುವುದು ಹೇಗೆ?