ತೆಳುವಾಗಿ ಹರಡಬೇಕಿದ್ದ ನೀರು

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಶಿವಮೊಗ್ಗದ ಸಮೀಪದ ಕೂಡ್ಲಿಯಲ್ಲಿ ಒಂದಾಗುವ ತುಂಗೆ, ಭದ್ರೆಗಳು ಮಲೆನಾಡಿನ ಮಳೆಯನ್ನು ನಾಡಿನ ಅತ್ಯಂತ ಒಣ ನೆಲಕ್ಕೆ ಹೊತ್ತು ತರುತ್ತವೆ. ತುಂಗೆಯ ಜಲಾನಯನದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆ, ಬಳ್ಳಾರಿ, ಕೊಪ್ಪಳ, ರಾಯಚೂರುಗಳನ್ನು ತಲುಪುವ ಹೊತ್ತಿಗೆ 500–600 ಮಿ.ಮೀ.ಗೆ ಇಳಿದಿರುತ್ತದೆ. ಈ ಅಂತರವನ್ನು ತುಂಬಲೆಂದೇ ವಿಜಯನಗರದ ಅರಸರು ನದಿಗೆ ಅಡ್ಡಗಟ್ಟೆಗಳನ್ನು ಕಟ್ಟಿ ಕಾಲುವೆಗಳನ್ನು ತೋಡಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ಹೊಸಪೇಟೆ, ಹಂಪಿಗಳ ಬಾಳೆ, ಕಬ್ಬಿನ ತೋಟಗಳಿಗೆ ನೀರುಣಿಸುತ್ತಿವೆ.

ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಜಂಟಿಯಾಗಿ 1945ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟೆಯ ಉದ್ದೇಶ ಮಾತ್ರ ಬೇರೆಯಾಗಿತ್ತು. ಕೆಲವೇ ಹೊಲಗಳಿಗೆ ಧಾರಾಳವಾಗಿ ನೀರು ಕೊಡುವುದರ ಬದಲು, ಜೋಳ, ಹತ್ತಿ, ಶೇಂಗಾಗಳಂತಹ ಅರೆ ನೀರಾವರಿ ಬೆಳೆಗಳು ಒಣಗದಷ್ಟು ನೀರನ್ನು ಆದಷ್ಟು ವಿಶಾಲವಾದ ಎರೆಭೂಮಿಗೆ ಹರಡಿ, ಬರವನ್ನು ತಡೆಯುವುದು ಯೋಜಕರ ಲೆಕ್ಕವಾಗಿತ್ತು. ಅದಕ್ಕಾಗಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಬೆಳೆಯಬೇಕೆಂದು ಮೊದಲೇ ಗೊತ್ತುಪಡಿಸುವ ‘ಲೋಕಲೈಸೇಶನ್’ ಪದ್ಧತಿ ಜಾರಿಗೆ ಬಂದಿತು.

ಆದರೆ ನೀರು ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದಿಂದ ವಲಸೆ ಬಂದು ‘ಕ್ಯಾಂಪು’ಗಳಲ್ಲಿ ನೆಲೆಸಿದ ಅನುಭವಿ ರೈತರು ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಾಟಿ ಮಾಡಿದರು, ಸ್ಥಳೀಯರೂ ಅದೇ ದಾರಿ ಹಿಡಿದರು. ಗಂಗಾವತಿ, ಸಿಂಧನೂರುಗಳಲ್ಲಿ ಅಕ್ಕಿ ಗಿರಣಿಗಳು ಎದ್ದ ಮೇಲಂತೂ ಖಚಿತ ಮಾರುಕಟ್ಟೆಯುಳ್ಳ ಬೆಳೆಯನ್ನು ಬಿಟ್ಟು ಜೋಳಕ್ಕೆ ಮರಳಲು ಯಾರಿಗೂ ಕಾರಣವಿರಲಿಲ್ಲ. ಪರಿಣಾಮವಾಗಿ ತಲೆಭಾಗದ ಗದ್ದೆಗಳು ಸವಳು-ಜವಳಿಗೆ, ಅಂದರೆ ನೀರು ನಿಂತು ಉಪ್ಪು ಮೇಲೇರುವ ದೋಷಕ್ಕೆ, ತುತ್ತಾದರೆ, ರಾಯಚೂರಿನ ಕೊನೆ ಭಾಗದ ರೈತರು ಅದೇ ಕಾಲುವೆಯ ಮೈಲ್ 69ರ ಗೇಜಿನಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂಬುದನ್ನೇ ಹಿಡಿದು ಧರಣಿ ಕೂರುವಂತಾಗಿದೆ.

ಹೂಳಿನಿಂದಾಗಿ ಜಲಾಶಯದ ಸಾಮರ್ಥ್ಯವು ಸುಮಾರು 133 ಟಿಎಂಸಿಯಿಂದ 105ರ ಆಸುಪಾಸಿಗೆ ಕುಸಿದಿರುವುದು ನಿಜ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಆ ನಷ್ಟವನ್ನು ತುಂಬಿಕೊಳ್ಳಲು ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವೂ ಇದೆ. ಆದರೆ ಕೊನೆ ಭಾಗದ ಕೊರತೆ ಹೂಳಿನಿಂದಷ್ಟೇ ಹುಟ್ಟಿದ್ದಲ್ಲ. ಜೋಳಕ್ಕೂ ಭತ್ತದಷ್ಟೇ ಭರವಸೆಯ ಬೆಲೆ ಸಿಗದೆ, ಕಾಲುವೆಯ ಮೇಲ್ಭಾಗದ ಅಕ್ರಮ ತೂಬುಗಳನ್ನು ಮುಚ್ಚದೆ ಹೊಸ ಸಂಗ್ರಹವೊಂದನ್ನು ಕಟ್ಟಿದರೆ, ಹೆಚ್ಚುವರಿ ನೀರೂ ಮೇಲಿನ ಗದ್ದೆಗಳಲ್ಲೇ ಇಂಗುತ್ತದೆ.