ಟಿಕೆಟ್ ಮನೆತನಕ್ಕೆ, ಅನುಕಂಪದ ಹಣೆಪಟ್ಟಿ ಹೆಣ್ಣಿಗೆ

ಪರಿಮಳಾ ನಾಗಪ್ಪ 2004ರ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್ ಅಭ್ಯರ್ಥಿಯಾಗಿ ನಿಂತು ಹನೂರು ಕ್ಷೇತ್ರದ ಶಾಸಕಿಯಾದರು. ಆ ಗೆಲುವಿಗೆ ಅಂದೇ ಒಂದು ಹಣೆಪಟ್ಟಿ ಅಂಟಿತು: ಅನುಕಂಪದ ಅಲೆ. ಎರಡು ದಶಕ ಕಳೆದರೂ ಅದು ಕಳಚಿ ಬಿದ್ದಿಲ್ಲ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ಮಹಿಳೆಗೆ ಟಿಕೆಟ್ ಕೊಡುವ ಮಾತು ಎದ್ದರೆ ಅದನ್ನು ಹೊಡೆದು ಹಾಕಲು ಇದೇ ಉದಾಹರಣೆ ಒದಗಿ ಬರುತ್ತದೆ. ಗಂಡ ಸತ್ತ ದುಃಖ ಇದ್ದರೆ ಹೆಂಗಸು ಗೆಲ್ಲುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕಾಚಾರ ಅದು. ಈ ಲೆಕ್ಕ ಅರ್ಧ ಸತ್ಯ. ಉಳಿದ ಅರ್ಧವನ್ನು ಪಕ್ಷಗಳು ಬೇಕೆಂದೇ ಮುಚ್ಚಿಟ್ಟಿವೆ.

ಸತ್ಯವಾದ ಅರ್ಧ ಎಲ್ಲರಿಗೂ ಗೊತ್ತಿರುವಂಥದ್ದು. ಪರಿಮಳಾ ಅವರ ಪತಿ ಎಚ್. ನಾಗಪ್ಪ ಹನೂರಿನ ಮಾಜಿ ಶಾಸಕರು, ಸಚಿವರಾಗಿದ್ದವರು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಸಿಗುವ ಕಾಮಗೆರೆಯ ಮನೆಯಿಂದ 2002ರ ಆಗಸ್ಟ್ 25ರ ರಾತ್ರಿ ಕಾಡುಗಳ್ಳ ವೀರಪ್ಪನ್ ನಾಗಪ್ಪನವರನ್ನು ಎಳೆದೊಯ್ದ. ಅದೇ ವರ್ಷ ಡಿಸೆಂಬರ್ 8ರಂದು ಮಲೆಮಹದೇಶ್ವರ ಬೆಟ್ಟದ ಕಡೆಯ ಚಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ನಡುವಿನ ನೂರಕ್ಕೂ ಹೆಚ್ಚು ದಿನ ಆ ಮನೆಯ ಪರವಾಗಿ ಮಾತನಾಡಿದವರು ಪರಿಮಳಾ. ಸರ್ಕಾರದ ಮುಂದೆಯೂ ಪತ್ರಕರ್ತರ ಮುಂದೆಯೂ ಮೊರೆಯಿಟ್ಟರು. ಎಸ್.ಎಂ. ಕೃಷ್ಣ ಸರ್ಕಾರಕ್ಕೆ ಅದೇ ಹೊತ್ತಿಗೆ ಕಾವೇರಿ ಬಿಕ್ಕಟ್ಟು ಕುತ್ತಿಗೆಗೆ ಬಂದಿತ್ತು. ಎರಡು ವರ್ಷ ಹಿಂದೆ, 2000ದಲ್ಲಿ, ಗಾಜನೂರಿನಿಂದ ಅಪಹೃತರಾದ ಡಾ. ರಾಜ್‌ಕುಮಾರ್ 108 ದಿನಗಳ ನಂತರ ಜೀವಂತ ಮನೆಗೆ ಮರಳಿದ್ದರು. ನಾಗಪ್ಪ ಮರಳಲಿಲ್ಲ. ಹೋಲಿಕೆ ಹುಟ್ಟಿದ್ದು ಸಹಜ, ಸಿಟ್ಟು ಹುಟ್ಟಿದ್ದೂ ಸಹಜ. ಮುಂದಿನ ಚುನಾವಣೆಯಲ್ಲಿ ಆ ಸಿಟ್ಟು ಮತವಾಯಿತು ಎಂಬುದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಅದನ್ನು ಅನುಕಂಪ ಎಂದು ಕರೆದರೆ ಮತದಾರನ ಕಣ್ಣೀರು ಮಾತ್ರ ಕಾಣುತ್ತದೆ, ಆಳುವವರ ಮೇಲೆ ಅವನು ಕೊಟ್ಟ ತೀರ್ಪು ಮರೆಯಾಗುತ್ತದೆ.

ಇನ್ನೂ ಒಂದು ಸಂಗತಿ ಇದೆ. 1999ರಲ್ಲಿ ರಾಜ್ಯದಲ್ಲಿ 10 ಸ್ಥಾನಕ್ಕೆ ಕುಸಿದಿದ್ದ ಜೆಡಿಎಸ್ 2004ರಲ್ಲಿ 58 ಸ್ಥಾನ ಗೆದ್ದಿತು. ಹಳೇ ಮೈಸೂರು ಭಾಗದಲ್ಲಿ ಅಂದು ಆ ಪಕ್ಷಕ್ಕೆ ಒಳ್ಳೆಯ ಗಾಳಿ ಇತ್ತು. ಪಕ್ಕದ ಗುಂಡ್ಲುಪೇಟೆಯಲ್ಲಿ ಎಚ್.ಎಸ್. ಮಹದೇವಪ್ರಸಾದ್ ಅದೇ ಚಿಹ್ನೆಯಿಂದ ಗೆದ್ದರು. ಅವರ ಗೆಲುವನ್ನು ಸಂಘಟನೆ ಎಂದರು, ವರ್ಚಸ್ಸು ಎಂದರು. ಅದೇ ಗಾಳಿಯಲ್ಲಿ ಹನೂರಿನಲ್ಲಿ ಹೆಂಗಸು ಗೆದ್ದರೆ ಅದಕ್ಕೆ ಕಾರಣ ಕುಂಕುಮ ಅಳಿದದ್ದು ಮಾತ್ರವಂತೆ!

ಅನುಕಂಪವೇ ಗೆಲ್ಲಿಸುವುದಾದರೆ ಅದು ಎಲ್ಲ ಕಡೆಯೂ ಗೆಲ್ಲಿಸಬೇಕಿತ್ತು. 2020ರಲ್ಲಿ ಶಿರಾ ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡಾಗ ಜೆಡಿಎಸ್ ಅವರ ಪತ್ನಿ ಅಮ್ಮಾಜಮ್ಮ ಅವರನ್ನೇ ಉಪಚುನಾವಣೆಗೆ ನಿಲ್ಲಿಸಿತು. ಮತದಾರರು ಅವರನ್ನು ಮೂರನೇ ಸ್ಥಾನಕ್ಕೆ ತಳ್ಳಿದರು. 2019ರ ಕುಂದಗೋಳ ಉಪಚುನಾವಣೆಯಲ್ಲಿ ತೀರಿಕೊಂಡ ಶಾಸಕರ ಪತ್ನಿ ಕುಸುಮಾ ಶಿವಳ್ಳಿ ಗೆದ್ದರಾದರೂ ಅಂತರ ಎರಡು ಸಾವಿರವನ್ನೂ ದಾಟಲಿಲ್ಲ. ಸಾವಿನ ಮನೆಗೆ ಬಂದು ಕೈಮುಗಿದು ಹೋಗುವ ಜನ ಮತಗಟ್ಟೆಯಲ್ಲಿ ಪಕ್ಷ, ಜಾತಿ, ಹಣ, ಕೆಲಸ ಎಲ್ಲವನ್ನೂ ತೂಗಿಯೇ ಗುಂಡಿ ಒತ್ತುತ್ತಾರೆ.

ಹನೂರಿನ ಮಟ್ಟಿಗಂತೂ ಅನುಕಂಪದ ವಾದ ನಿಲ್ಲುವುದೇ ಇಲ್ಲ. ಆ ಸೀಮೆಯಲ್ಲಿ ವೀರಪ್ಪನ್ ಕಾಲದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಒಬ್ಬರೇ ಅಲ್ಲ. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿಯಾಗಿ ಪೊಲೀಸರು ಸತ್ತರು. ಅದೇ ವರ್ಷ ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಮತ್ತು ಸಂಗಡಿಗರು ಬಲಿಯಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ನೆಲಬಾಂಬು ಸ್ಫೋಟ. ಇನ್ನೊಂದು ಕಡೆ, ಕಾಡಂಚಿನ ಊರುಗಳ ಬಡವರು ವೀರಪ್ಪನ್‌ಗೆ ಅಕ್ಕಿ ಕೊಟ್ಟರೆಂಬ ಅನುಮಾನಕ್ಕೆ ಟಾಡಾ ಕಾಯ್ದೆಯಡಿ ಜೈಲು ಸೇರಿದರು. ವೀರಪ್ಪನ್‌ನನ್ನು ಹಿಡಿಯಲು ರಚಿಸಿದ್ದ ವಿಶೇಷ ಕಾರ್ಯಪಡೆಯ ಶಿಬಿರಗಳಲ್ಲಿ ನಡೆದ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ಕಾಡಿನ ದಾರಿಯಲ್ಲಿ ನಡೆದೇ ಬಂದು ಆ ಸಮಿತಿಯಂಥವುಗಳ ಮುಂದೆ ಹೇಳಿಕೆ ಕೊಟ್ಟ ಹೆಂಗಸರ ದುಃಖ ಯಾವ ಶಾಸಕರ ಪತ್ನಿಯ ದುಃಖಕ್ಕಿಂತ ಕಡಿಮೆ? ಅವರಲ್ಲಿ ಯಾರ ಮನೆ ಬಾಗಿಲಿಗೂ ಬಿ ಫಾರಂ ಹಿಡಿದು ಪಕ್ಷ ಹೋಗಲಿಲ್ಲ. ಟಿಕೆಟ್ ಸಿಕ್ಕಿದ್ದು ವಿಧವೆಗಲ್ಲ, ಮನೆತನಕ್ಕೆ.

ಹನೂರಿನ ರಾಜಕಾರಣ ದಶಕಗಳ ಕಾಲ ಎರಡು ಮನೆತನಗಳ ಪೈಪೋಟಿಯೇ ಆಗಿತ್ತು. ಒಂದು ಜಿ. ರಾಜೂಗೌಡರದು, ಇನ್ನೊಂದು ಎಚ್. ನಾಗಪ್ಪನವರದು. 1994ರಲ್ಲಿ ನಾಗಪ್ಪ, 1999ರಲ್ಲಿ ರಾಜೂಗೌಡ, 2004ರಲ್ಲಿ ಪರಿಮಳಾ. 2008ರಿಂದ ಸತತ ಮೂರು ಬಾರಿ ಕಾಂಗ್ರೆಸ್‌ನಿಂದ ಗೆದ್ದ ಆರ್. ನರೇಂದ್ರ ಅವರು ರಾಜೂಗೌಡರ ಮಗ. ತಂದೆಯ ಕ್ಷೇತ್ರವನ್ನು ಮಗ ಹಿಡಿದದ್ದಕ್ಕೆ ಯಾರೂ ಅನುಕಂಪ ಎಂದು ಹೆಸರಿಡಲಿಲ್ಲ, ಉತ್ತರಾಧಿಕಾರಿ ಎಂದರು. ಯಳಂದೂರು ಕಡೆಗೆ ಬಂದರೆ ಅಲ್ಲಿ ಹಿರಿಯ ರಾಜಕಾರಣಿ ಬಿ. ರಾಚಯ್ಯನವರ ಮಗ ಎ.ಆರ್. ಕೃಷ್ಣಮೂರ್ತಿ. 2004ರಲ್ಲಿ ಅಂದಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಎದುರು ಒಂದೇ ಒಂದು ಮತದಿಂದ ಸೋತು ದೇಶಕ್ಕೆಲ್ಲ ಸುದ್ದಿಯಾದವರು. ಅವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಧ್ರುವನಾರಾಯಣ 2023ರ ಮಾರ್ಚ್‌ನಲ್ಲಿ ಹಠಾತ್ ನಿಧನರಾದಾಗ ಎರಡೇ ತಿಂಗಳಲ್ಲಿ ಮಗ ದರ್ಶನ್ ನಂಜನಗೂಡು ಶಾಸಕರಾದರು. ಚಾಮರಾಜನಗರ ಲೋಕಸಭಾ ಕ್ಷೇತ್ರದಿಂದ 2024ರಲ್ಲಿ ಗೆದ್ದ ಸುನಿಲ್ ಬೋಸ್ ಸಚಿವ ಎಚ್.ಸಿ. ಮಹದೇವಪ್ಪನವರ ಪುತ್ರ. ಗಂಡುಮಕ್ಕಳಿಗೆ ಇದು ವಂಶದ ಹಕ್ಕು, ಹೆಣ್ಣಿಗೆ ಮಾತ್ರ ಕರುಣೆಯ ಭಿಕ್ಷೆ. ಈ ಇಬ್ಬಗೆ ನ್ಯಾಯವನ್ನು ಮೊದಲು ಬಿಡಬೇಕು.

ಶಾಸಕಿಯಾದ ಮೇಲೆ ಪರಿಮಳಾ ಅವರ ಹಾದಿ ಹೇಗಿತ್ತೆಂಬುದು ಇದಕ್ಕಿಂತ ಕಹಿ. 2004ರಿಂದ 2007ರವರೆಗೆ ಧರ್ಮಸಿಂಗ್ ಸರ್ಕಾರದಲ್ಲೂ ಕುಮಾರಸ್ವಾಮಿ ಸರ್ಕಾರದಲ್ಲೂ ಜೆಡಿಎಸ್ ಅಧಿಕಾರದಲ್ಲಿತ್ತು. ಅವರು ಆಡಳಿತ ಪಕ್ಷದ ಶಾಸಕಿ. ಆದರೂ ಸಚಿವ ಸ್ಥಾನ ಅವರ ಪಾಲಿಗೆ ಬರಲಿಲ್ಲ. ಗೆಲ್ಲಿಸಲು ದುಃಖ ಬೇಕಿತ್ತು, ಅಧಿಕಾರ ಹಂಚುವಾಗ ಅದು ಲೆಕ್ಕಕ್ಕೆ ಬರಲಿಲ್ಲ. 2013ರಲ್ಲಿ ಮತ್ತೆ ಜೆಡಿಎಸ್‌ನಿಂದ ನಿಂತು ನರೇಂದ್ರ ಎದುರು ಎರಡನೇ ಸ್ಥಾನಕ್ಕೆ ಬಂದರು. ಪತಿ ತೀರಿ ಹತ್ತು ವರ್ಷ ಕಳೆದ ಮೇಲೂ ಎರಡನೇ ಸ್ಥಾನ ಉಳಿಸಿಕೊಂಡ ಅಭ್ಯರ್ಥಿಯ ಬಲವನ್ನು ಅನುಕಂಪದ ಖಾತೆಗೆ ಬರೆಯುವುದು ಹೇಗೆ? 2018ರ ಹೊತ್ತಿಗೆ ಕುಟುಂಬ ಬಿಜೆಪಿಯಲ್ಲಿತ್ತು, ಟಿಕೆಟ್ ಮಗ ಡಾ. ಪ್ರೀತನ್ ನಾಗಪ್ಪ ಅವರಿಗೆ ಹೋಯಿತು. ಅವರು ಕಡಿಮೆ ಅಂತರದಲ್ಲಿ ಸೋತರು, 2023ರಲ್ಲಿಯೂ ಸೋತರು. ತಾಯಿ ಕಾದಿಟ್ಟ ಜಾಗಕ್ಕೆ ಮಗ ಬರುವುದು, ತಾಯಿ ಹಿಂದಕ್ಕೆ ಸರಿಯುವುದು ನಮ್ಮ ರಾಜಕಾರಣದ ಹಳೆಯ ರೂಢಿ. ಈ ರೂಢಿಗೆ ಪರಿಮಳಾ ಅವರೂ ಹೊರತಾಗಲಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. 2023ರಲ್ಲಿ ಹನೂರಿನ ಮತದಾರರು ಎರಡೂ ಮನೆತನಗಳನ್ನು ಬಿಟ್ಟು ಜೆಡಿಎಸ್‌ನ ಎಂ.ಆರ್. ಮಂಜುನಾಥ್ ಅವರನ್ನು ಗೆಲ್ಲಿಸಿದರು. ಮನೆತನ ಇಲ್ಲದೆ ಗೆಲ್ಲಲಾಗದು ಎಂಬ ಮಾತು ಅಲ್ಲಿಗೆ ಸುಳ್ಳಾಯಿತು. ಆ ಪಾಠದ ಲಾಭ ಕೂಡ ಗಂಡಸಿಗೇ ಸಿಕ್ಕಿದ್ದು ಬೇರೆ ಮಾತು.

ಈ ಜಿಲ್ಲೆಯಲ್ಲಿ ಹೆಣ್ಣು ಬೇರೆ ರೀತಿಯಲ್ಲಿ ರಾಜಕಾರಣ ಮಾಡಿಯೇ ಇಲ್ಲವೆಂದೇನೂ ಅಲ್ಲ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1957ರಿಂದ 1989ರ ನಡುವೆ ಏಳು ಬಾರಿ ಶಾಸಕಿಯಾದರು. 1978ರಲ್ಲೊಮ್ಮೆ ಕ್ಷೇತ್ರ ಕೈತಪ್ಪಿತು, 1983ರಲ್ಲಿ ಮತ್ತೆ ಗೆದ್ದರು. 1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಮೈಸೂರು ರಾಜ್ಯ ಕರ್ನಾಟಕವಾದದ್ದು, ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ಸದನ ದಾಟಿದ್ದು ಅವರು ಆ ಪೀಠದಲ್ಲಿದ್ದಾಗಲೇ. ಮುಂದೆ ವಿರೋಧ ಪಕ್ಷದ ನಾಯಕಿಯೂ ಆದರು. 1985 ಮತ್ತು 1989ರಲ್ಲಿ ಅವರ ಎದುರು ಸೋತ ಮಹದೇವಪ್ರಸಾದ್, ನಾಗರತ್ನಮ್ಮನವರ ಕಾಲ ಮುಗಿದ ಮೇಲೆ, 1994ರಿಂದ ಸತತ ಐದು ಬಾರಿ ಗೆದ್ದರು. ಸೋಲು, ಮರುಗೆಲುವು, ಪೀಠ, ವಿರೋಧ ಪಕ್ಷ ಎಲ್ಲವೂ ಸೇರಿದಾಗ ಅದನ್ನು ರಾಜಕೀಯ ಜೀವನ ಎನ್ನಬಹುದು. ನಾಗರತ್ನಮ್ಮನವರ ನಂತರ ಆ ಸ್ಪೀಕರ್ ಪೀಠದಲ್ಲಿ ಇನ್ನೊಬ್ಬ ಮಹಿಳೆ ಕುಳಿತಿಲ್ಲ.

ಅದೇ ಗುಂಡ್ಲುಪೇಟೆಗೆ 2017ರಲ್ಲಿ ಮತ್ತೆ ಮಹಿಳೆ ಶಾಸಕಿಯಾಗಿ ಬಂದದ್ದು ಮಹದೇವಪ್ರಸಾದ್ ನಿಧನದಿಂದ. ಪತ್ನಿ ಗೀತಾ ಉಪಚುನಾವಣೆಯಲ್ಲಿ ಗೆದ್ದು ಸಿದ್ದರಾಮಯ್ಯ ಸಂಪುಟ ಸೇರಿದರು, 2018ರಲ್ಲಿ ಸೋತರು. 2023ರಲ್ಲಿ ಅವರ ಮಗ ಗಣೇಶ್ ಪ್ರಸಾದ್ ಗೆದ್ದರು. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಜಿಲ್ಲೆಯ ನಾಲ್ಕು ಕ್ಷೇತ್ರಗಳಿಂದ ವಿಧಾನಸಭೆಗೆ ಹೋದ ಏಕೈಕ ಮಹಿಳೆ ಗೀತಾ, ಅದೂ ಒಂದು ವರ್ಷದ ಮಟ್ಟಿಗೆ. ಐವತ್ತು ವರ್ಷ ಹಿಂದೆ ಸ್ಪೀಕರನ್ನು ಕೊಟ್ಟ ಜಿಲ್ಲೆ ಈಗ ಈ ಸ್ಥಿತಿಯಲ್ಲಿದೆ.

ಕೊಳ್ಳೇಗಾಲ, ಯಳಂದೂರಿನ ಕಥೆ ಚಿಕ್ಕದು. ಮರುವಿಂಗಡಣೆಯಲ್ಲಿ ಯಳಂದೂರು ತಾಲ್ಲೂಕು ಕೊಳ್ಳೇಗಾಲ ಮೀಸಲು ಕ್ಷೇತ್ರಕ್ಕೆ ಸೇರಿತು. 2008ರಲ್ಲಿ ಧ್ರುವನಾರಾಯಣ, ಮರುವರ್ಷದ ಉಪಚುನಾವಣೆಯಲ್ಲಿ ಜಿ.ಎನ್. ನಂಜುಂಡಸ್ವಾಮಿ, 2013ರಲ್ಲಿ ಎಸ್. ಜಯಣ್ಣ, 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್, ಆಮೇಲೆ ಕೃಷ್ಣಮೂರ್ತಿ. ಕಾಂಗ್ರೆಸ್, ಬಿಜೆಪಿ, ಬಿಎಸ್‌ಪಿ ಹೀಗೆ ಮೂರು ಪಕ್ಷಗಳನ್ನು ಆರಿಸುವಷ್ಟು ಎಚ್ಚರದ ಮತದಾರರು ಇಲ್ಲಿದ್ದಾರೆ. ಹೊಸದನ್ನು ಒಪ್ಪಲು ಅವರು ಹಿಂಜರಿಯುವವರಲ್ಲ. ಹಿಂಜರಿಯುವುದು ಟಿಕೆಟ್ ಹಂಚುವವರು.

ಗೆಲ್ಲುವ ಹೆಣ್ಣುಮಕ್ಕಳೇ ಸಿಗುವುದಿಲ್ಲ ಎಂಬ ನೆಪಕ್ಕೆ ಪಂಚಾಯಿತಿಗಳೇ ಉತ್ತರ. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗಲೇ ಕರ್ನಾಟಕ ಕಾಲು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತ್ತು. ಈಗ ಅದು ಅರ್ಧಕ್ಕೆ ಏರಿದೆ. ಹಳ್ಳಿ ಹಳ್ಳಿಯಲ್ಲೂ ಅಧ್ಯಕ್ಷೆಯರಾಗಿ ದುಡಿದವರಿದ್ದಾರೆ. ಅಲ್ಲಿಯೂ ಗಂಡಂದಿರದೇ ದರ್ಬಾರು ಎಂಬ ಆಕ್ಷೇಪ ಸುಳ್ಳಲ್ಲ. ಬಿಲ್ಲು ಪಾವತಿಗೆ ಬೇಕಾದ ಅಧ್ಯಕ್ಷೆಯ ಡಿಜಿಟಲ್ ಸಹಿಯ ಡೊಂಗಲ್ ಆಕೆಯ ಪರ್ಸಿನಲ್ಲಿರುವ ಬದಲು ಗಂಡನ ಅಂಗಿಯ ಜೇಬಿನಲ್ಲಿರುವುದು, ಪಿಡಿಒ ಕಾಮಗಾರಿ ಪಟ್ಟಿಯನ್ನು ಕುರ್ಚಿಯಲ್ಲಿ ಕುಳಿತ ಆಕೆಗೆ ಬಿಟ್ಟು ಪಕ್ಕದಲ್ಲಿ ನಿಂತ ಗಂಡನಿಗೆ ವಿವರಿಸುವುದು ಎಷ್ಟೋ ಕಡೆ ನಡೆಯುವ ವ್ಯವಹಾರ. ಆದರೆ ಎರಡನೇ ಅವಧಿಗೆ ಬಂದ ಅಧ್ಯಕ್ಷೆ ಆ ಡೊಂಗಲನ್ನು ಕೇಳಿ ಪಡೆಯುತ್ತಾಳೆ, ಉದ್ಯೋಗ ಖಾತರಿ ಯೋಜನೆಯ ಕೂಲಿ ತಡವಾದದ್ದು ಯಾಕೆ ಎಂದು ತಾಲ್ಲೂಕು ಕಚೇರಿಗೆ ಹೋಗಿ ಕೇಳುತ್ತಾಳೆ. ಅನುಭವ ಬರುವುದು ಹೀಗೆಯೇ. ಗಂಡಸರು ಕೂಡ ಮೊದಲ ದಿನವೇ ಕಡತ ಓದಿಕೊಂಡು ಬಂದವರಲ್ಲ.

ಅಲ್ಲಿಂದ ಮೇಲಕ್ಕೆ ಹೋಗುವ ಮೆಟ್ಟಿಲನ್ನೇ ಸರ್ಕಾರಗಳು ಕಿತ್ತು ಹಾಕಿದವು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆನಂತರ ಮೀಸಲಾತಿ ಪಟ್ಟಿ, ಕ್ಷೇತ್ರ ವಿಂಗಡಣೆ, ನ್ಯಾಯಾಲಯ ಎನ್ನುತ್ತ ಚುನಾವಣೆಯನ್ನು ವರ್ಷಗಟ್ಟಲೆ ಮುಂದಕ್ಕೆ ತಳ್ಳಿದರು. ಬಿಜೆಪಿ ಸರ್ಕಾರ ಇದ್ದಾಗಲೂ ತಳ್ಳಿತು, ಕಾಂಗ್ರೆಸ್ ಸರ್ಕಾರ ಬಂದಾಗಲೂ ತಳ್ಳಿತು. ಶಾಸಕರಿಗೆ ಇದರಿಂದ ನಷ್ಟವಿಲ್ಲ. ಅನುದಾನದ ಮಾತು ಅವರ ಮನೆಯಲ್ಲೇ ಮುಗಿಯುತ್ತದೆ, ನಾಳೆ ಟಿಕೆಟ್ ಕೇಳಬಹುದಾದ ತಾಲ್ಲೂಕು ಪಂಚಾಯಿತಿ ಅಧ್ಯಕ್ಷೆ ಹುಟ್ಟುವುದೇ ಇಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ 106ನೇ ಸಂವಿಧಾನ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಡುತ್ತದೆ. ಪರಿಶಿಷ್ಟರ ಮೀಸಲು ಕ್ಷೇತ್ರಗಳಿಗೂ ಇದು ಅನ್ವಯ. ಜನಗಣತಿ ಮತ್ತು ಮರುವಿಂಗಡಣೆಯ ನಂತರವೇ ಜಾರಿ ಎಂಬ ಷರತ್ತನ್ನು ಆ ತಿದ್ದುಪಡಿಗೇ ಸೇರಿಸಲಾಗಿತ್ತು. ಇಂದಿನ 224ರ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 75 ಶಾಸಕಿಯರು ಬೇಕು. 2023ರ ಚುನಾವಣೆಯಲ್ಲಿ ಗೆದ್ದ ಮಹಿಳೆಯರು 10. ಕಾಯ್ದೆ ಜಾರಿಯಾದ ದಿನ ಪಕ್ಷಗಳು ಎಲ್ಲಿ ಹುಡುಕುತ್ತವೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹಾಲಿ ಶಾಸಕರ ಪತ್ನಿ, ಸೊಸೆ, ಮಗಳು ಸಾಲಾಗಿ ನಿಲ್ಲುತ್ತಾರೆ. ಈ ಬಾರಿ ಸಾವಿನ ನೆಪವೂ ಬೇಕಿರುವುದಿಲ್ಲ.

ಮನೆತನದ ಹೆಣ್ಣು ರಾಜಕಾರಣಕ್ಕೆ ಬರಲೇಬಾರದು ಎಂಬುದು ವಾದವಲ್ಲ. ಬಂದವರಿಗೆ ಖಾತೆ ಕೊಡಬೇಕು, ಸೋತರೆ ಮಗನನ್ನು ಮುಂದಕ್ಕೆ ತರುವ ಬದಲು ಅವರಿಗೇ ಇನ್ನೊಂದು ಅವಕಾಶ ಕೊಡಬೇಕು. ಗಂಡಸರಿಗೆ ಸಿಗುವುದು ಇದೇ ಅಲ್ಲವೇ? ಅದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಪಂಚಾಯಿತಿ ಅಧ್ಯಕ್ಷೆಯರಾಗಿ ಎರಡು ಅವಧಿ ಕೆಲಸ ಮಾಡಿದ ಹೆಣ್ಣುಮಕ್ಕಳ ಪಟ್ಟಿಯನ್ನು ಎಲ್ಲ ಪಕ್ಷಗಳ ಜಿಲ್ಲಾ ಘಟಕಗಳು ಇಂದೇ ತಯಾರಿಸಲಿ. ಮುಂದಿನ ಬಿ ಫಾರಂಗೆ ಹೆಸರು ಬರೆಯುವಾಗ ಆ ಪಟ್ಟಿಯನ್ನು ಮೊದಲು ತೆರೆಯಲಿ.